ಹರಿಗೋಲು ದಡ ಸೇರಿತೆ?

ಲೆಕ್ಕವೆಂದರೆ ಅಂಜದ ವಿದ್ಯಾರ್ಥಿಗಳು ವಿರಳ. ಅದರಲ್ಲಿಯೂ ಭೌತಶಾಸ್ತ್ರದ ಲೆಕ್ಕವೆಂದರೆ ಅಂಜಿಕೆ ಇಮ್ಮಡಿಯಾಗುತ್ತದೆ. ಗಣಿತದ ಲೆಕ್ಕದಲ್ಲಿ ಬರಿಯ ಸಂಖ್ಯೆಗಳಿದ್ದರೆ ಭೌತಶಾಸ್ತ್ರದ ಲೆಕ್ಕದಲ್ಲಿ ಅವುಗಳ ಜೊತೆಗೆ ಇಳಿಜಾರಿನಲ್ಲಿ ಉರುಳುವ ಗುಂಡು, ಗೋಡೆಗೊರಗಿದ ಏಣಿ, ಬಾವಿಗೆ ಬಿದ್ದ ಕಲ್ಲು, ತಂತಿಯಲ್ಲಿ ಹರಿಯುವ ವಿದ್ಯುತ್ತು ಎಲ್ಲವೂ ಬಂದು ಸೇರಿಕೊಳ್ಳುತ್ತವೆ. ಪದವಿಪೂರ್ವ ತರಗತಿಯಲ್ಲಿ ಓದುತ್ತಿದ್ದಾಗ ನಾನು ಈ ಅಂಜಿಕೆಯನ್ನು ಗೆಲ್ಲಲು ಒಂದು ಸುಲಭೋಪಾಯವನ್ನು ಕಂಡುಕೊಂಡಿದ್ದೆ. ಸೂತ್ರಗಳನ್ನೆಲ್ಲ ಒಂದು ಪುಟ್ಟ ಪುಸ್ತಕದಲ್ಲಿ ಬರೆದಿಟ್ಟುಕೊಂಡು ಬಾಯಿಪಾಠ ಮಾಡುವುದು. ಲೆಕ್ಕದಲ್ಲಿ ಕೊಟ್ಟ ಅಂಕಿಗಳು ಯಾವ ಸೂತ್ರಕ್ಕೆ ಹೊಂದುತ್ತವೆಯೋ ನೋಡಿ ಅದರಲ್ಲಿ ತುಂಬುವುದು. ಬಂದ ಉತ್ತರದ ಕೆಳಗೆ ಎರಡು ಗೆರೆಗಳನ್ನೆಳೆದು ಮುಗಿಸುವುದು. ಗುಂಡು ಉರುಳಿತೆ, ಕಲ್ಲು ಬಿತ್ತೆ ಎಂಬ ಗೊಡವೆಗೆ ನಾನು ಹೋಗುತ್ತಿರಲಿಲ್ಲ. ಈ ಉಪಾಯದಿಂದ ನನಗೆ ಸಾಕಷ್ಟು ಅಂಕಗಳೂ ಬರುತ್ತಿದ್ದವು.

ಆಗ ನಾನು ನಂಜನಗೂಡಿನಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಓದುತ್ತಿದ್ದೆ. ನಮ್ಮ ಊರು ಕಪಿಲಾ ನದಿಯ ದಡದಲ್ಲಿಯೇ ಇನ್ನೂ ಕೆಳಗೆ, ತಿರುಮಕೂಡಲು ನರಸೀಪುರಕ್ಕೆ ಸಮೀಪದಲ್ಲಿತ್ತು. ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ದೇವಾಲಯದ ಬಳಿ ಹರಿದ ನೀರು ನಮ್ಮ ಊರನ್ನು ಹಾದು, ನರಸೀಪುರದ ಬಳಿ ಕಾವೇರಿಯನ್ನು ಕೂಡುತ್ತದೆ. ನಮ್ಮ ತಂದೆ ಅಂಬಿಗರು. ಬಿದಿರಿನ ಹೆಣಿಗೆಗೆ ಚರ್ಮ ಹೊದಿಸಿದ ಒಂದು ದುಂಡನೆಯ ಹರಿಗೋಲು, ಒಂದು ಹುಟ್ಟು, ಇವೇ ಅವರ ಆಸ್ತಿ. ಬೆಳಗಿನಿಂದ ಸಂಜೆಯವರೆಗೆ ಜನರನ್ನೂ ಹುಲ್ಲಿನ ಹೊರೆಗಳನ್ನೂ ಹೊಳೆ ದಾಟಿಸುವುದು ಅವರ ಕಾಯಕ. ಕಾಲೇಜಿನಲ್ಲಿ ಯಾರಾದರೂ ನನ್ನ ತಂದೆಯ ಉದ್ಯೋಗವೇನೆಂದು ಕೇಳಿದರೆ ನಾನು ‘ವ್ಯವಸಾಯ’ ಎನ್ನುತ್ತಿದ್ದೆ. ನಮಗೆ ಒಂದು ಗೇಣು ಭೂಮಿಯೂ ಇರಲಿಲ್ಲ. ಆದರೂ ಪೇಟೆಯ ಹುಡುಗರ ನಡುವೆ ‘ನಾನು ಅಂಬಿಗರ ಮಗ’ ಎನ್ನಲು ನಾಲಗೆ ಹಿಂಜರಿಯುತ್ತಿತ್ತು.

ನಮಗೆ ಭೌತಶಾಸ್ತ್ರವನ್ನು ಕಲಿಸುತ್ತಿದ್ದ ಅಧ್ಯಾಪಕರು ಮಿತಭಾಷಿಗಳು. ಅವರು ಲೆಕ್ಕಗಳನ್ನು ಪುಸ್ತಕದಿಂದ ಎತ್ತಿಕೊಡುತ್ತಿದ್ದುದು ಕಡಿಮೆ. ತಾವೇ ರಚಿಸಿ ಕೊಡುತ್ತಿದ್ದರು. ಕಬಿನಿಯ ಅಣೆಕಟ್ಟು 1974ರಲ್ಲಿ ಪೂರ್ಣಗೊಳ್ಳುವುದಕ್ಕೆ ಒಂದೆರಡು ವರ್ಷ ಮುಂಚಿನ ಮಾತು. ಆಷಾಢದ ಮಳೆ ಹಿಡಿದಿತ್ತು. ಅಂದಿನ ಕಿರುಪರೀಕ್ಷೆಯಲ್ಲಿ ಅವರು ಹೀಗೊಂದು ಲೆಕ್ಕವನ್ನು ಕೊಟ್ಟರು: ‘ಒಂದು ನದಿಯ ಅಗಲ 120 ಮೀಟರು. ನಿಂತ ನೀರಿನಲ್ಲಿ ದೋಣಿಯ ವೇಗ ಸೆಕೆಂಡಿಗೆ 1 ಮೀಟರು. ನದಿಯ ವೇಗ ಸೆಕೆಂಡಿಗೆ 0.6 ಮೀಟರು. ಹೊರಟ ಸ್ಥಳಕ್ಕೆ ನೇರ ಎದುರಿನಲ್ಲಿರುವ ಸ್ಥಳವನ್ನು ಮುಟ್ಟಲು ದೋಣಿಗೆ ಎಷ್ಟು ಕಾಲ ಬೇಕು? ಮಳೆ ಬಂದು ನದಿಯ ವೇಗ 1.2 ಮೀಟರಿಗೆ ಏರಿದರೆ ಎಷ್ಟು ಕಾಲ ಬೇಕು? ನದಿಯ ಅಗಲ ಬದಲಾಗಲಿಲ್ಲವೆಂದು ಭಾವಿಸಿ.’

ಸೂತ್ರ ನನಗೆ ಕಂಠಸ್ಥವಾಗಿತ್ತು. ನೇರವಾಗಿ ಎದುರು ದಡವನ್ನು ಮುಟ್ಟಬೇಕಾದರೆ ದೋಣಿಯನ್ನು ಸ್ವಲ್ಪ ಪ್ರವಾಹದ ವಿರುದ್ಧವಾಗಿ ತಿರುಗಿಸಿ ನಡೆಸಬೇಕು. ದೋಣಿಯ ವೇಗವು ಲಂಬಕೋನ ತ್ರಿಭುಜದ ಕರ್ಣ; ನದಿಯ ವೇಗ ಅದರ ಒಂದು ಭುಜ; ಉಳಿದ ಭುಜವೇ ದೋಣಿ ಅಡ್ಡಲಾಗಿ ಸಾಗುವ ವೇಗ. ಒಂದರ ವರ್ಗದಿಂದ 0.6ರ ವರ್ಗವಾದ 0.36ನ್ನು ಕಳೆದರೆ 0.64, ಅದರ ವರ್ಗಮೂಲ 0.8. ಆದುದರಿಂದ 120 ಮೀಟರು ದಾಟಲು 150 ಸೆಕೆಂಡು. ಮೊದಲನೆಯ ಭಾಗ ಕ್ಷಣಮಾತ್ರದಲ್ಲಿ ಮುಗಿಯಿತು. ಎರಡನೆಯ ಭಾಗಕ್ಕೆ ಬಂದಾಗ ತೊಡಕೆದ್ದಿತು. ಒಂದರಿಂದ 1.2ರ ವರ್ಗವಾದ 1.44ನ್ನು ಕಳೆದರೆ ಉಳಿಯುವುದು ಋಣ 0.44. ಋಣಸಂಖ್ಯೆಗೆ ವರ್ಗಮೂಲವನ್ನು ತೆಗೆಯುವುದು ಹೇಗೆ? ಎಲ್ಲಿಯೋ ತಪ್ಪಿರಬೇಕೆಂದು ಮತ್ತೆ ಗುಣಿಸಿದೆ, ಮತ್ತೆ ಕಳೆದೆ. ಋಣ ಚಿಹ್ನೆ ಕದಲಲಿಲ್ಲ. ಗಂಟೆ ಹೊಡೆಯಲು ಐದೇ ನಿಮಿಷಗಳಿದ್ದವು. ನಾನು ಅತ್ತಿತ್ತ ನೋಡಿ ಆ ಪುಟ್ಟ ಅಡ್ಡಗೆರೆಯನ್ನು ರಬ್ಬರಿನಿಂದ ಅಳಿಸಿಬಿಟ್ಟೆ. ಆಮೇಲೆ ಎಲ್ಲವೂ ಸುಗಮವಾಯಿತು. 0.44ರ ವರ್ಗಮೂಲ ಸುಮಾರು 0.66, ಉತ್ತರ 181 ಸೆಕೆಂಡು. ಕೆಳಗೆ ಎರಡು ಗೆರೆಗಳನ್ನೆಳೆದು ಕಾಗದವನ್ನು ಒಪ್ಪಿಸಿದೆ.

ಶನಿವಾರ ಬೆಳಿಗ್ಗೆ ಉತ್ತರಪತ್ರಿಕೆಗಳು ಹಿಂದಿರುಗಿದವು. ಅಳಿಸಿದ ಗುರುತಿನ ಪಕ್ಕದಲ್ಲಿ ಅಧ್ಯಾಪಕರು ಕೆಂಪು ಶಾಯಿಯಿಂದ ಅಂಕವನ್ನೂ ಹಾಕಿರಲಿಲ್ಲ, ತಪ್ಪು ಎಂದೂ ಗುರುತು ಮಾಡಿರಲಿಲ್ಲ. ‘ದೋಣಿ ದಡ ಸೇರಿತೆ?’ ಎಂದು ಮಾತ್ರ ಬರೆದಿದ್ದರು. ನನಗೆ ಮುಖದ ಮೇಲೆ ಹೊಡೆದಂತಾಯಿತು. ಆದರೆ ಅದರ ಅರ್ಥ ಪೂರ್ತಿಯಾಗಿ ಹೊಳೆಯಲಿಲ್ಲ. ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡು ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೊರಟೆ.

ಊರನ್ನು ಮುಟ್ಟುವ ವೇಳೆಗೆ ಹೊಳೆ ಕೆನ್ನೀರಾಗಿ ಹರಿಯುತ್ತಿತ್ತು. ಬೇರುಸಹಿತ ಕಿತ್ತುಬಂದ ಗಿಡಗಳು, ಬಿದಿರಿನ ತುಂಡುಗಳು ತೇಲಿಹೋಗುತ್ತಿದ್ದವು. ಅಪ್ಪ ಹರಿಗೋಲನ್ನು ದಡಕ್ಕೆಳೆದು ಬೋರಲು ಹಾಕಿ, ಬೀಡಿ ಸೇದುತ್ತಾ ನೀರನ್ನೇ ನೋಡುತ್ತಾ ಕುಳಿತಿದ್ದರು. ಅಷ್ಟರಲ್ಲಿ ಔಷಧದ ಪೆಟ್ಟಿಗೆಯನ್ನು ಹಿಡಿದ ಕಾಂಪೌಂಡರೊಬ್ಬರು ಓಡುತ್ತಾ ಬಂದರು. ಎದುರು ದಡದ ಹಳ್ಳಿಯಲ್ಲಿ ಮಗುವೊಂದಕ್ಕೆ ಬೆಳಗಿನಿಂದ ವಾಂತಿಭೇದಿಯಾಗುತ್ತಿತ್ತು, ಕೂಡಲೇ ಹೋಗಬೇಕು. ಸೇತುವೆಯನ್ನು ಬಳಸಿಕೊಂಡು ಹೋದರೆ ರಾತ್ರಿಯಾಗುತ್ತದೆ.

ಅಪ್ಪ ಎದ್ದರು. ಹೊಳೆಯನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಹರಿಗೋಲನ್ನು ತಲೆಯ ಮೇಲೆ ಕವುಚಿಕೊಂಡು, ನೀರಿಗಿಳಿಯುವುದಕ್ಕೆ ಬದಲಾಗಿ ದಡದ ಮೇಲೆಯೇ ಪ್ರವಾಹಕ್ಕೆ ಎದುರಾಗಿ ನಡೆಯತೊಡಗಿದರು. ಕಾಂಪೌಂಡರಿಗೆ ತಾಳ್ಮೆ ತಪ್ಪಿತು.

“ಎಲ್ಲಿಗೆ ಹೋಗ್ತೀಯಪ್ಪ? ಆ ಹಳ್ಳಿ ನೇರ ಎದುರಿಗೇ ಕಾಣಿಸ್ತಿದೆಯಲ್ಲ! ಹೊತ್ತಾಗುತ್ತೆ, ಇಲ್ಲಿಂದಲೇ ಬಿಡು” ಎಂದರು.

“ನಮಗೆ ಎದುರು ಕಂಡ್ರೆ ಆಯ್ತಾ ಸ್ವಾಮಿ? ಹೊಳೆ ಒಪ್ಪಬೇಕಲ್ಲ” ಎಂದರು ಅಪ್ಪ. “ಇಲ್ಲಿಂದ ಬಿಟ್ರೆ ಆ ಬಂಡೆಗಳ ತಾವ ಹೋಗಿ ಬೀಳ್ತೀವಿ. ಮೇಲ್ಕಡೆಯಿಂದ ಬಿಡಾನ, ಬನ್ನಿ.”

ಅರ್ಧ ಫರ್ಲಾಂಗಿಗೂ ಹೆಚ್ಚು ದೂರ ಮೇಲಕ್ಕೆ ನಡೆದು ಹರಿಗೋಲನ್ನು ನೀರಿಗಿಳಿಸಿದರು. ನಾನೂ ಹಟ ಮಾಡಿ ಹತ್ತಿದೆ. ಹೊಳೆ ನಮ್ಮನ್ನು ಬುಗುರಿಯಂತೆ ತಿರುಗಿಸಲು ನೋಡುತ್ತಿತ್ತು. ಅಪ್ಪ ನೀರಿನೊಡನೆ ಜಗಳಕ್ಕೆ ನಿಲ್ಲಲಿಲ್ಲ. ಎದುರು ದಡದ ಕಡೆಗೇ ಮುಖ ಮಾಡಿ, ಹುಟ್ಟನ್ನು ಒಂದೇ ಸಮನೆ ಹಾಕುತ್ತಿದ್ದರು. ಕೆಳಕ್ಕೆ ಸೆಳೆದೊಯ್ಯುವ ಕೆಲಸವನ್ನು ಹೊಳೆಗೇ ಬಿಟ್ಟುಕೊಟ್ಟಂತಿತ್ತು. ಹೊಳೆ ನಮ್ಮನ್ನು ಸೆಳೆಯಿತು. ಅಪ್ಪ ನಮ್ಮನ್ನು ದಾಟಿಸಿದರು. ಇಬ್ಬರ ಕೆಲಸವೂ ಏಕಕಾಲದಲ್ಲಿ ಮುಗಿದಾಗ ನಾವು ಆ ಹಳ್ಳಿಯ ಕಲ್ಲುಮೆಟ್ಟಿಲುಗಳ ಮುಂದೆಯೇ ಇದ್ದೆವು. ಕಾಂಪೌಂಡರು ಮಾತನಾಡದೆ ಇಳಿದು ಓಡಿದರು. ಮಗು ಉಳಿಯಿತೆಂದು ಮರುದಿನ ತಿಳಿಯಿತು.

ಹಿಂದಿರುಗಿ ಬಂದ ಮೇಲೆ ನಾನು ಅಪ್ಪನನ್ನು ಕೇಳಿದೆ: “ಹರಿಗೋಲನ್ನು ಮೇಲ್ಮುಖವಾಗಿ ವಾಲಿಸಿ ಹುಟ್ಟು ಹಾಕಿದ್ದರೆ ಅಷ್ಟು ದೂರ ಹೊತ್ತು ನಡೆಯುವುದು ತಪ್ಪುತ್ತಿತ್ತಲ್ಲವೆ?”

“ಕಮ್ಮಿ ನಡೀಬೋದಾಗಿತ್ತು ಮಗ. ಆದ್ರೆ ನೀರಲ್ಲಿ ಹೊತ್ತಾಗ್ತದೆ. ಮರಗಿಡ ತೇಲ್ಕೊಂಡು ಬರೋ ಹೊಳೇಲಿ ಹೊತ್ತು ಕಳೀಬಾರ್ದು. ನೆಲದ ಮೇಲೆ ನಡೆಯೋಕೆ ಏನು ಭಯ?” ಎಂದರು.

ಆ ರಾತ್ರಿ ಸೀಮೆಎಣ್ಣೆಯ ಬುಡ್ಡಿಯ ಬೆಳಕಿನಲ್ಲಿ ಕಾಗದವನ್ನು ಬಿಡಿಸಿದೆ. ಈಗ ಲೆಕ್ಕದಲ್ಲಿದ್ದುದು ಬೇರಾವುದೋ ದೇಶದ ನದಿಯಾಗಿರಲಿಲ್ಲ, ನಮ್ಮ ಹೊಳೆಯೇ ಆಗಿತ್ತು. ದೋಣಿಯ ವೇಗ 1, ನೀರಿನ ವೇಗ 1.2. ದೋಣಿಯನ್ನು ಪೂರ್ತಿಯಾಗಿ ಪ್ರವಾಹದ ವಿರುದ್ಧ ತಿರುಗಿಸಿದರೂ ನೀರು ಅದನ್ನು ಹಿಂದಕ್ಕೇ ಒಯ್ಯುತ್ತದೆ. ಹಾಗಿರುವಾಗ ನೇರ ಎದುರಿನ ಸ್ಥಳವನ್ನು ಮುಟ್ಟುವುದೆಂತು? ಎಷ್ಟು ಸೆಕೆಂಡು ಕೊಟ್ಟರೂ ಮುಟ್ಟಲಾಗದು. ನಾನು ಅಳಿಸಿದ ಆ ಅಡ್ಡಗೆರೆ ಹೇಳುತ್ತಿದ್ದುದು ಇದನ್ನೇ. ಅಪ್ಪನಿಗೆ ಹೊಳೆ ಹೇಳಿದ ‘ಆಗದು’ ಎಂಬ ಮಾತನ್ನೇ ನನಗೆ ಕಾಗದದ ಮೇಲೆ ಋಣ ಚಿಹ್ನೆ ಹೇಳಿತ್ತು. ಅಪ್ಪ ಕೇಳಿ ನಡೆದರು. ನಾನು ಆ ಮಾತನ್ನು ರಬ್ಬರಿನಿಂದ ಅಳಿಸಿದೆ. ನನ್ನ 181 ಸೆಕೆಂಡನ್ನು ನಂಬಿ ಯಾರಾದರೂ ಹರಿಗೋಲು ಬಿಟ್ಟಿದ್ದರೆ ಬಂಡೆಗಳ ಮೇಲೆ ಹೋಗಿ ಬೀಳುತ್ತಿದ್ದರು.

ಸೋಮವಾರ ತರಗತಿ ಮುಗಿದ ಮೇಲೆ ಅಧ್ಯಾಪಕರ ಬಳಿಗೆ ಹೋಗಿ, “ದೋಣಿ ದಡ ಸೇರಲಿಲ್ಲ ಸಾರ್. ನಾನು ಚಿಹ್ನೆಯನ್ನು ಅಳಿಸಿದ್ದೆ” ಎಂದೆ.

“ಅದು ನನಗೆ ಕಂಡಿತ್ತು. ಸೇರಲಿಲ್ಲವೆಂದು ನಿನಗೆ ಹೇಗೆ ತಿಳಿಯಿತು?” ಎಂದು ಕೇಳಿದರು.

ಒಂದು ಕ್ಷಣ ತಡವರಿಸಿದೆ. ಆಮೇಲೆ, “ನಮ್ಮ ತಂದೆ ಅಂಬಿಗರು ಸಾರ್” ಎಂದೆ. ನಂಜನಗೂಡಿನಲ್ಲಿ ನಾನು ಆ ಮಾತನ್ನು ಆಡಿದ್ದು ಅದೇ ಮೊದಲು. ಶನಿವಾರದ ಸಂಗತಿಯನ್ನೆಲ್ಲ ವಿವರಿಸಿದೆ.

ಅವರು ಮೇಜಿನ ಮೇಲಿದ್ದ ಕಾಗದವನ್ನೆಳೆದುಕೊಂಡು ಹೊಳೆಯ ಚಿತ್ರವನ್ನು ಬರೆದರು. “ನಿಮ್ಮ ತಂದೆ ಮಾಡಿದ ಲೆಕ್ಕವನ್ನು ನಾವೂ ಮಾಡೋಣ” ಎಂದರು. ದೋಣಿ ಎದುರು ದಡಕ್ಕೇ ಮುಖ ಮಾಡಿದರೆ ಅದರ ವೇಗವೆಲ್ಲ ದಾಟುವುದಕ್ಕೇ ಉಪಯೋಗವಾಗುತ್ತದೆ. 120 ಸೆಕೆಂಡಿನಲ್ಲಿ ದಾಟಬಹುದು. ಅಷ್ಟರಲ್ಲಿ ನದಿ ಅದನ್ನು 144 ಮೀಟರು ಕೆಳಕ್ಕೆ ಒಯ್ದಿರುತ್ತದೆ. ಆದುದರಿಂದ 144 ಮೀಟರು ಮೇಲಕ್ಕೆ ಹೋಗಿ ಹೊರಡಬೇಕು. ದೋಣಿಯನ್ನು ಎಷ್ಟು ಬೇಕೋ ಅಷ್ಟು ವಾಲಿಸಿ ನಡೆಸಿದರೆ ಕೆಳಕ್ಕೆ ಹೋಗುವ ದೂರವನ್ನು ಸುಮಾರು 80 ಮೀಟರಿಗೆ ಇಳಿಸಬಹುದು. ಆದರೆ ಆಗ ದಾಟಲು 217 ಸೆಕೆಂಡು ಹಿಡಿಯುತ್ತದೆ. “ಗಣಿತ ಎರಡು ದಾರಿಗಳನ್ನೂ ತೋರಿಸುತ್ತದೆ. ಯಾವುದು ಮೇಲೆಂದು ಹೊಳೆಯಲ್ಲಿ ಮರ ತೇಲುವುದನ್ನು ಕಂಡವರು ನಿರ್ಧರಿಸಬೇಕು. ನಿಮ್ಮ ತಂದೆ ನಿರ್ಧರಿಸಿದ್ದಾರೆ” ಎಂದರು. ನಂತರ ಉತ್ತರಪತ್ರಿಕೆಯನ್ನು ತೆಗೆದುಕೊಂಡು ಮೊದಲನೆಯ ಭಾಗದ ಅಂಕವನ್ನು ಕೊಟ್ಟರು. ಎರಡನೆಯದಕ್ಕೆ ಸೊನ್ನೆ ಹಾಕಿದರು. ಅದು ನ್ಯಾಯವೇ ಆಗಿತ್ತು.

ಆ ವಾರದಿಂದ ನನ್ನ ಸೂತ್ರಗಳ ಪುಸ್ತಕ ಪೆಟ್ಟಿಗೆಯ ತಳವನ್ನು ಸೇರಿತು. ಸೂತ್ರಗಳು ಬೇಡವಾದವೆಂದಲ್ಲ, ಅವುಗಳ ಸರದಿ ಕೊನೆಗೆ ಬಂದಿತು. ಲೆಕ್ಕವನ್ನು ಓದಿ ಮೊದಲು ಚಿತ್ರ ಬರೆಯುವುದು, ಏನು ನಡೆಯುತ್ತಿದೆಯೆಂಬುದನ್ನು ಕನ್ನಡದಲ್ಲಿ ನನಗೆ ನಾನೇ ಹೇಳಿಕೊಳ್ಳುವುದು, ಉತ್ತರ ಸುಮಾರು ಎಷ್ಟಿರಬಹುದೆಂದು ಊಹಿಸುವುದು, ಆಮೇಲೆ ಸೂತ್ರ. ಕೊನೆಯಲ್ಲಿ ‘ದೋಣಿ ದಡ ಸೇರಿತೆ?’ ಎಂಬ ಪ್ರಶ್ನೆ. ಹೀಗೆ ಮಾಡತೊಡಗಿದ ಮೇಲೆ ಲೆಕ್ಕಗಳು ಸುಲಭವಾದವೆಂದು ಹೇಳಲಾರೆ. ಮೊದಲಿಗಿಂತ ಹೆಚ್ಚು ಕಾಲ ಹಿಡಿಯುತ್ತಿತ್ತು. ಆದರೆ ಅವು ನನ್ನವಾದವು.

ನಂಜನಗೂಡಿನಲ್ಲಿ ಕಪಿಲೆಗೆ 1735ರಲ್ಲಿ ದಳವಾಯಿ ದೇವರಾಜರ ಕಾಲದಲ್ಲಿ ಕಟ್ಟಿದ ಒಂದು ಹಳೆಯ ಕಮಾನು ಸೇತುವೆಯಿದೆ. ಆಗ ರೈಲೂ ಬಸ್ಸೂ ಅದೇ ಸೇತುವೆಯ ಮೇಲೆ ಸಾಗುತ್ತಿದ್ದವು. ಒಂದು ಸಂಜೆ ಅಧ್ಯಾಪಕರು ನಮ್ಮನ್ನು ಅಲ್ಲಿಗೆ ಕರೆದೊಯ್ದು, ದೂರದಲ್ಲಿ ಬಟ್ಟೆ ಒಗೆಯುತ್ತಿದ್ದ ಮಡಿವಾಳರನ್ನು ತೋರಿಸಿದರು. ಆತ ಸೆಕೆಂಡಿಗೊಮ್ಮೆ ಬಟ್ಟೆಯನ್ನು ಕಲ್ಲಿಗೆ ಬಡಿಯುತ್ತಿದ್ದ. ವಿಚಿತ್ರವೆಂದರೆ ಬಡಿತದ ಸದ್ದು ನಮಗೆ ಕೇಳುತ್ತಿದ್ದುದು ಆತನ ಕೈ ಮೇಲಕ್ಕೆತ್ತಿದ್ದಾಗ! “ಆತ ಎಷ್ಟು ದೂರದಲ್ಲಿದ್ದಾನೆ?” ಎಂದು ಪ್ರಶ್ನೆ. ಶಬ್ದತರಂಗಗಳು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಸಾಗುತ್ತವೆ. ಸದ್ದು ಅರ್ಧ ಸೆಕೆಂಡು ತಡವಾಗಿ ಬರುತ್ತಿದ್ದರೆ ದೂರ 170 ಮೀಟರು. ಎಲ್ಲರೂ ಹಾಗೆಯೇ ಹೇಳಿದೆವು. “ಒಂದೂವರೆ ಸೆಕೆಂಡು ತಡವಾಗಿದ್ದರೂ ಹೀಗೆಯೇ ಕೇಳಿಸುವುದಲ್ಲವೆ? ಆಗ 510 ಮೀಟರು. ಇವುಗಳಲ್ಲಿ ಯಾವುದು?” ಎಂದರು. ನಾವು ಬೆಪ್ಪಾದೆವು. “ಆತ ಕೆಲಸ ನಿಲ್ಲಿಸುವವರೆಗೆ ಕಾಯಿರಿ” ಎಂದರು. ಕಾದೆವು. ಕಡೆಯ ಬಡಿತವನ್ನು ಕಣ್ಣಾರೆ ಕಂಡ ಮೇಲೆ ಒಂದೇ ಒಂದು ಸದ್ದು ಕೇಳಿಬಂದಿತು. ದೂರ 510 ಮೀಟರಾಗಿದ್ದರೆ ಎರಡು ಸದ್ದುಗಳು ಕೇಳಬೇಕಾಗಿತ್ತು. ಉತ್ತರ 170 ಮೀಟರೇ ಸರಿ.

ವಿದ್ಯುತ್ತಿನ ಪಾಠದಲ್ಲಿಯೂ ನಮ್ಮ ಹೊಳೆಯೇ ಕಾಣಿಸಿಕೊಂಡಿತು. ನರಸೀಪುರದಲ್ಲಿ ಕಾವೇರಿಯನ್ನು ಕೂಡಿದ ಕಪಿಲೆಯ ನೀರು ತಲಕಾಡನ್ನು ದಾಟಿ ಶಿವನಸಮುದ್ರದಲ್ಲಿ ಧುಮುಕುತ್ತದೆ. 1902ರಲ್ಲಿ ಅಲ್ಲಿ ಉತ್ಪಾದನೆಯಾದ ವಿದ್ಯುತ್ತನ್ನು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಗಳ ಮೂಲಕ ಸಾಗಿಸಲಾಯಿತು. ಅದಕ್ಕಾಗಿ ಶ್ರಮಿಸಿದ ಮೈಸೂರಿನ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರು 1901ರಲ್ಲಿಯೇ ತೀರಿಕೊಂಡಿದ್ದುದರಿಂದ ಆ ದೀಪಗಳನ್ನು ನೋಡಲಾಗಲಿಲ್ಲ. ಅಷ್ಟು ದೂರ ಸಾಗಿಸಲು ವಿಭವವನ್ನು ಸಾವಿರಾರು ವೋಲ್ಟುಗಳಿಗೆ ಏರಿಸಬೇಕಾಗಿತ್ತು. ಏಕೆ? ಅಧ್ಯಾಪಕರು ಒಂದು ಸರಳ ಲೆಕ್ಕವನ್ನು ಕೊಟ್ಟರು. ಒಂದು ಲಕ್ಷ ವಾಟ್ ಸಾಮರ್ಥ್ಯವನ್ನು 10 ಓಂ ರೋಧವಿರುವ ತಂತಿಯಲ್ಲಿ ಕಳುಹಿಸಬೇಕು. ಕಳುಹಿಸುವ ತುದಿಯಲ್ಲಿ ವಿಭವ 1000 ವೋಲ್ಟಾದರೆ ವಿದ್ಯುತ್ ಪ್ರವಾಹ 100 ಆಂಪೇರ್. ತಂತಿಯಲ್ಲಿ ಶಾಖವಾಗಿ ನಷ್ಟವಾಗುವುದೆಷ್ಟು? ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಬೇಕು: 100ರ ವರ್ಗ 10,000, ಅದರ ಹತ್ತರಷ್ಟು ಒಂದು ಲಕ್ಷ. ನಾನು ಗಾಬರಿಯಾದೆ. ಕಳುಹಿಸಿದ್ದೂ ಒಂದು ಲಕ್ಷ, ನಷ್ಟವಾದದ್ದೂ ಒಂದು ಲಕ್ಷ! ಹಳೆಯ ಅಭ್ಯಾಸವಿದ್ದಿದ್ದರೆ ಎಲ್ಲಿಯೋ ಒಂದು ಸೊನ್ನೆಯನ್ನು ತೆಗೆದುಹಾಕುತ್ತಿದ್ದೆನೋ ಏನೋ. ಈ ಬಾರಿ ಹಾಗೆ ಮಾಡಲಿಲ್ಲ. “ದಡ ಸೇರಲಿಲ್ಲ ಸಾರ್, ದಾರಿಯಲ್ಲಿಯೇ ಎಲ್ಲ ಮುಗಿಯಿತು” ಎಂದೆ. ಅವರು ನಕ್ಕು, ವಿಭವವನ್ನು ಹತ್ತುಪಟ್ಟು ಏರಿಸಿ ನೋಡಲು ಹೇಳಿದರು. 10,000 ವೋಲ್ಟಿಗೆ ಪ್ರವಾಹ 10 ಆಂಪೇರ್. ನಷ್ಟ 1000 ವಾಟ್, ಅಂದರೆ ನೂರರಲ್ಲಿ ಒಂದು ಪಾಲು ಮಾತ್ರ. ಶಿವನಸಮುದ್ರದ ವಿದ್ಯುತ್ತು ಕೋಲಾರವನ್ನು ಮುಟ್ಟಿದ ಗುಟ್ಟು ಹೀಗೆ ನನಗೆ ತಿಳಿಯಿತು.

ಪರಮಾಣುವಿನ ಪಾಠಕ್ಕೆ ಬಂದಾಗ ನನ್ನ ಹಳೆಯ ಶತ್ರುವಾದ ಋಣ ಚಿಹ್ನೆ ಮತ್ತೆ ಎದುರಾಯಿತು. 1913ರಲ್ಲಿ ನೀಲ್ಸ್ ಬೋರ್ ಎಂಬ ವಿಜ್ಞಾನಿ ರೂಪಿಸಿದ ಮಾದರಿಯ ಪ್ರಕಾರ ಜಲಜನಕದ ಪರಮಾಣುವಿನಲ್ಲಿ ಎಲೆಕ್ಟ್ರಾನಿನ ಅತ್ಯಂತ ಕೆಳಗಿನ ಮಟ್ಟದ ಶಕ್ತಿ ಋಣ 13.6 ಎಲೆಕ್ಟ್ರಾನ್ ವೋಲ್ಟ್. ಶಕ್ತಿ ಸೊನ್ನೆಗಿಂತ ಕಡಿಮೆಯಿರುವುದು ಹೇಗೆ? ಈಗ ನನಗೆ ಅಳಿಸುವ ಮನಸ್ಸಾಗಲಿಲ್ಲ; ಅದು ಏನು ಹೇಳುತ್ತಿದೆಯೆಂದು ಕೇಳುವ ಮನಸ್ಸಾಯಿತು. ಕಟ್ಟಿಲ್ಲದೆ ದೂರದಲ್ಲಿ ನಿಂತ ಎಲೆಕ್ಟ್ರಾನಿನ ಶಕ್ತಿಯನ್ನು ಸೊನ್ನೆಯೆಂದು ಎಣಿಸಿದ್ದಾರೆ. ಒಳಗಿರುವ ಎಲೆಕ್ಟ್ರಾನು ಬಂಧಿತವಾಗಿದೆ. ಅದನ್ನು ಬಿಡಿಸಬೇಕಾದರೆ ಹೊರಗಿನಿಂದ 13.6ರಷ್ಟು ಶಕ್ತಿಯನ್ನು ಕೊಡಬೇಕು. ಋಣವೆಂದರೆ ಸಾಲವೆಂಬ ಅರ್ಥವೂ ಉಂಟಲ್ಲವೆ? ಸಾಲ ತೀರುವವರೆಗೆ ಬಿಡುಗಡೆಯಿಲ್ಲ. ಮೂರನೆಯ ಮಟ್ಟದಿಂದ ಎರಡನೆಯದಕ್ಕೆ ಎಲೆಕ್ಟ್ರಾನು ಇಳಿದಾಗ 1.89 ಎಲೆಕ್ಟ್ರಾನ್ ವೋಲ್ಟಿನಷ್ಟು ಶಕ್ತಿ ಬೆಳಕಾಗಿ ಹೊರಬೀಳುತ್ತದೆ. ಅದರ ತರಂಗದೂರ 656 ನ್ಯಾನೋಮೀಟರು, ಬಣ್ಣ ಕೆಂಪು. ಪ್ರಯೋಗಶಾಲೆಯಲ್ಲಿ ಆ ಕೆಂಪು ಗೆರೆಯನ್ನು ಕಂಡ ದಿನ, ಕಾಗದದ ಮೇಲಿನ ಉತ್ತರವೊಂದು ದಡ ಸೇರಿದುದನ್ನು ಕಣ್ಣಾರೆ ನೋಡಿದಂತಾಯಿತು.

ಅಂದು ಅಧ್ಯಾಪಕರು ನಮಗೆ ನಂಜನಗೂಡಿನವರೇ ಆದ ಒಬ್ಬ ವಿಜ್ಞಾನಿಯ ವಿಷಯವನ್ನು ಹೇಳಿದರು. ಬಿ. ವಿ. ಶ್ರೀಕಂಠನ್ ಅವರು 1925ರಲ್ಲಿ ನಂಜನಗೂಡಿನಲ್ಲಿ ಜನಿಸಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಓದಿ, 1948ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಸೇರಿದರು. ಆಕಾಶದಿಂದ ಬರುವ ವಿಶ್ವಕಿರಣಗಳು ವಾಯುಮಂಡಲದ ಪರಮಾಣುಗಳಿಗೆ ಬಡಿದಾಗ ಮ್ಯೂಆನ್ ಎಂಬ ಕಣಗಳು ಹುಟ್ಟುತ್ತವೆ. ಅವು ನೆಲದೊಳಗೆ ಎಷ್ಟು ಆಳದವರೆಗೆ ಇಳಿಯಬಲ್ಲವೆಂಬುದನ್ನು ಅಳೆಯಲು ಶ್ರೀಕಂಠನ್ ಅವರು ಉಪಕರಣಗಳೊಡನೆ ಕೋಲಾರದ ಚಿನ್ನದ ಗಣಿಗಳಿಗೆ ಇಳಿದರು. ಆಳ ಹೆಚ್ಚಿದಂತೆ ಕಣಗಳ ಸಂಖ್ಯೆ ಕಡಿಮೆಯಾಗುತ್ತಾ ಹೋಯಿತು. 1960ರ ದಶಕದಲ್ಲಿ ಅದೇ ಸಂಸ್ಥೆಯ ತಂಡವು ಎರಡೂವರೆ ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಉಪಕರಣವನ್ನಿಟ್ಟು ಸುಮಾರು ಎರಡು ತಿಂಗಳು ಕಾಯಿತು. ಒಂದು ಕಣವೂ ದಾಖಲಾಗಲಿಲ್ಲ.

“ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?” ಎಂದು ಅಧ್ಯಾಪಕರು ಕೇಳಿದರು. ಯಾರೂ ಉತ್ತರಿಸಲಿಲ್ಲ. “ಉಪಕರಣ ಕೆಟ್ಟಿತೆಂದೋ ಶ್ರಮ ವ್ಯರ್ಥವಾಯಿತೆಂದೋ ಅವರು ಆ ಸೊನ್ನೆಯನ್ನು ಅಳಿಸಲಿಲ್ಲ. ಬೇರೆ ಕಣಗಳ ಗದ್ದಲವಿಲ್ಲದ ಇಂಥ ನಿಶ್ಶಬ್ದವಾದ ತಾಣವೇ ನ್ಯೂಟ್ರಿನೋ ಎಂಬ ಅತಿ ಸೂಕ್ಷ್ಮ ಕಣವನ್ನು ಹುಡುಕಲು ತಕ್ಕದ್ದೆಂದು ತಿಳಿದುಕೊಂಡರು” ಎಂದರು. ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳೂ ಸೇರಿದ್ದ ಆ ತಂಡದಲ್ಲಿ ಶ್ರೀಕಂಠನ್ ಅವರೂ ಇದ್ದರು. 1965ರಲ್ಲಿ ಅವರು ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಸುಳಿವನ್ನು ಕೋಲಾರದ ಆಳದಲ್ಲಿ ಪತ್ತೆಹಚ್ಚಿದರು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿಯೂ ಇದು ಸಿದ್ಧಪಟ್ಟಿತು. ಪ್ರಪಂಚದಲ್ಲಿ ಅಂಥ ಕಣಗಳು ಕಂಡುಬಂದುದು ಅದೇ ಮೊದಲು.

ನಾನು ಕಿಟಕಿಯಿಂದ ಹೊರಗೆ ನೋಡಿದೆ. ನಮ್ಮೂರ ಹೊಳೆಯ ನೀರು ಶಿವನಸಮುದ್ರದಲ್ಲಿ ವಿದ್ಯುತ್ತಾಗಿ ಹೋದ ಅದೇ ಗಣಿಗೆ ಹೊಳೆಯ ದಡದ ಊರಿನ ಹುಡುಗನೊಬ್ಬನೂ ಹೋಗಿದ್ದ. ಆ ಯೋಚನೆ ನನ್ನನ್ನು ಬಹಳ ದಿನ ಬಿಡಲಿಲ್ಲ. ಶ್ರೀಕಂಠನ್ ಅವರು 1975ರಿಂದ 1987ರವರೆಗೆ ಆ ಸಂಸ್ಥೆಯ ನಿರ್ದೇಶಕರಾಗಿದ್ದರು, 2019ರಲ್ಲಿ ತೀರಿಕೊಂಡರು. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು.

ಆ ವರ್ಷದ ದಸರಾ ರಜೆಯಲ್ಲಿ ಹರಿಗೋಲಿನ ಲೆಕ್ಕವನ್ನು ಅಪ್ಪನಿಗೆ ವಿವರಿಸಿದೆ. ಮರಳಿನ ಮೇಲೆ ತ್ರಿಭುಜವನ್ನು ಬರೆದು, 120 ಸೆಕೆಂಡು, 144 ಮೀಟರು ಎಂದೆಲ್ಲ ತೋರಿಸಿದೆ. ಅವರು ಶ್ರದ್ಧೆಯಿಂದ ಕೇಳಿ, “ಇದನ್ನ ಮಾಡೋಕೆ ನಿನಗೆ ಎಷ್ಟು ಹೊತ್ತು ಹಿಡೀತು?” ಎಂದರು.

“ಎರಡು ದಿನ” ಎಂದೆ.

“ಅಷ್ಟೊತ್ತಿಗೆ ಹೊಳೆ ಇಳಿದಿರ್ತದೆ ಬುಡು!” ಎಂದು ಗಟ್ಟಿಯಾಗಿ ನಕ್ಕರು. ಆಮೇಲೆ ಕಾಲಿನಿಂದ ಆ ಚಿತ್ರವನ್ನು ತುಳಿಯದೆ ಪಕ್ಕಕ್ಕೆ ಸರಿದು ಹೋದರು.

ಅಪ್ಪ ಈಗಿಲ್ಲ. ನಾನೂ ಭೌತಶಾಸ್ತ್ರದ ಅಧ್ಯಾಪಕನಾಗಿ ಬಹುಕಾಲ ದುಡಿದು ನಿವೃತ್ತನಾಗಿದ್ದೇನೆ. ಆ ಹರಿಗೋಲಿನ ಲೆಕ್ಕವನ್ನು ಪ್ರತಿವರ್ಷವೂ ತರಗತಿಗೆ ಕೊಡುತ್ತಿದ್ದೆ. ಪ್ರತಿವರ್ಷವೂ ಒಬ್ಬಿಬ್ಬರು ಚಿಹ್ನೆಯನ್ನು ಅಳಿಸುತ್ತಿದ್ದರು. ಅವರ ಕಾಗದಗಳಲ್ಲಿ ನಾನು ನಮ್ಮ ಮೇಷ್ಟರ ಪ್ರಶ್ನೆಯನ್ನೇ ಬರೆಯುತ್ತಿದ್ದೆ. ಒಮ್ಮೆ ಒಬ್ಬ ಹುಡುಗಿ ಮೊದಲನೆಯ ಭಾಗವನ್ನು ಮಾಡಿ, ಎರಡನೆಯದರಲ್ಲಿ ಋಣ 0.44ರವರೆಗೆ ಬಂದು ನಿಂತು, ಕೆಳಗೆ ದುಂಡಗಿನ ಅಕ್ಷರಗಳಲ್ಲಿ ಹೀಗೆ ಬರೆದಿದ್ದಳು: ‘ಈ ಹೊಳೆಯಲ್ಲಿ ನೇರವಾಗಿ ದಾಟಲು ಆಗುವುದಿಲ್ಲ. ಮೇಲಿನಿಂದ ಹೊರಡಬೇಕು.’

ಅವಳಿಗೆ ಪೂರ್ತಿ ಅಂಕಗಳನ್ನು ಕೊಟ್ಟೆ.